ಒಂದು ವರ್ಷದಲ್ಲಿ ನನ್ನ ರಕ್ತನಾಳ ಎಷ್ಟು ಮೆತ್ತಗಾಯ್ತು

ಐದು ವಾರ ತೂಕ 82 ಕೆಜಿಯಲ್ಲೇ ನಿಂತ್ಬಿಟ್ಟಿತ್ತು. ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ಬ್ಯೂಗಲ್ ರಾಕ್ ಪಾರ್ಕಿಗೆ ಹೋಗಿ ಬೆವರು ಇಳಿಯೋ ತನಕ ನಡ್ದು ಬಂದು, ಅನ್ನ ಅಳತೆ ಮಾಡಿ ಬಡಿಸ್ಕೊಂಡು, ಸಂಜೆ ಆಫೀಸಿಂದ ಬರ್ತಾ ಬೇಕರಿ ಕಡೆ ನೋಡ್ದೆ ದಾಟ್ಕೊಂಡು ಬಂದು, ಭಾನುವಾರ ಬೆಳಿಗ್ಗೆ ಮೆಷಿನ್ ಮೇಲೆ ನಿಂತ್ರೆ ಅದೇ 82. ಒಂದ್ ವಾರ 82.3, ಇನ್ನೊಂದ್ ವಾರ 81.9, ಮತ್ತೆ 82. ಅಡುಗೆಮನೇಲಿ ಒಬ್ಳೇ ನಿಂತ್ಕೊಂಡು ಅತ್ತಿದೀನಿ. ಅದು 2024ರ ಏಪ್ರಿಲ್. ಅವತ್ತು ಎಲ್ಲಾ ಬಿಟ್ಬಿಟ್ಟಿದ್ರೆ ಅಂತ ಈಗ ನೆನೆಸ್ಕೊಂಡ್ರೆ ಭಯ ಆಗುತ್ತೆ, ಯಾಕಂದ್ರೆ ತೂಕ ಅಲ್ಲಾಡದೇ ಇದ್ದ ಆ ದಿನಗಳಲ್ಲೂ ಒಳಗಡೆ ರಕ್ತನಾಳ ಸುಧಾರಿಸ್ತಾ ಇತ್ತು ಅನ್ನೋದು ನಂಗೆ ಗೊತ್ತಾಗಿದ್ದು ಆಮೇಲೆ.

ಮೊದ್ಲಿಂದ ಹೇಳ್ತೀನಿ. ಆಗ ನಂಗೆ 43. ಹನುಮಂತನಗರದಲ್ಲಿ ಮನೆ, ನಾನು, ನಮ್ಮನೆಯವ್ರು, ಅತ್ತೆ, ಪಿಯುಸಿ ಓದೋ ಮಗಳು. ಒಂದು ಪ್ರೈವೇಟ್ ಕಂಪನೀಲಿ ಅಕೌಂಟ್ಸ್ ನೋಡ್ಕೋತೀನಿ, ದಿನಕ್ಕೆ ಒಂಬತ್ತು ಗಂಟೆ ಕುರ್ಚೀಲಿ ಕೂತಿರೋ ಕೆಲ್ಸ. 2021ರ ಅಕ್ಟೋಬರ್‌ನಲ್ಲಿ ಅಪ್ಪು ಹೋದಾಗ ಊರಿಗೂರೇ ಹಾರ್ಟ್ ಚೆಕಪ್‌ಗೆ ಓಡ್ತಲ್ಲ, ನಾನೂ ಮಾಡಿಸ್ಬೇಕು ಅಂದ್ಕೊಂಡೆ, ಎರಡು ವಾರ ಅಂದ್ಕೊಂಡೇ ಇದ್ದೆ, ಆಮೇಲೆ ಮರ್ತೇಹೋಯ್ತು.

2024ರ ಸಂಕ್ರಾಂತಿ ಆದ ಮಾರನೇ ದಿನ ನಮ್ಮಣ್ಣಂಗೆ ಎದೆ ಹಿಡ್ಕೊಳ್ತು. ಅವನಿಗೆ 49. ಗ್ಯಾಸ್ ಇರ್ಬೇಕು ಅಂತ ಜೀರಿಗೆ ನೀರು ಕುಡ್ದು ಮಲಗಿದ್ದಾನೆ, ಎಡಗೈ ಜೋಮು ಹಿಡಿದು ಬನಿಯನ್ ಪೂರ್ತಿ ಬೆವರಲ್ಲಿ ನೆಂದಾಗ ಅತ್ತಿಗೆ ಗಾಬರಿಯಾಗಿ ಫೋನ್ ಮಾಡಿದ್ರು. ಮನೆ ಜೆ.ಪಿ. ನಗರ, ಹಾಗಾಗಿ ಜಯದೇವ ಹಾರ್ಟ್ ಆಸ್ಪತ್ರೆ ಹತ್ರಾನೇ, ಪುಣ್ಯಕ್ಕೆ ಟ್ರಾಫಿಕ್ಕಿಗೆ ಮುಂಚೆ ತಲುಪಿಸಿದ್ವಿ. ಎರಡು ಸ್ಟೆಂಟ್ ಹಾಕಿದ್ರು. ಮಾರನೇ ದಿನ ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟ್ರು ಅಣ್ಣನ್ನ ನೋಡಿ ಆದ್ಮೇಲೆ ನನ್ ಕಡೆ ತಿರುಗಿ "ನೀವು ತಂಗೀನಾ? 55ಕ್ಕೆ ಮುಂಚೆ ಅಣ್ಣಂಗೆ ಹೀಗಾಗಿದೆ ಅಂದ್ರೆ ನೀವೂ ಚೆಕ್ ಮಾಡಿಸ್ಕೊಳ್ಲೇಬೇಕು" ಅಂದ್ರು. ಅವ್ರು ಬೇಕಂತ ನನ್ನ ಹೊಟ್ಟೆ ಕಡೆ ನೋಡ್ಲಿಲ್ಲ, ಆದ್ರೂ ನಂಗೆ ಅರ್ಥ ಆಯ್ತು.

ಫೆಬ್ರವರಿ ಮೊದಲ ವಾರ ನಮ್ಮ ಏರಿಯಾದಲ್ಲೇ ಇರೋ ಒಬ್ರು ಹಿರಿಯ ಫಿಜಿಶಿಯನ್ ಹತ್ರ ಹೋದೆ. ತೂಕ 84.2, ಎತ್ತರ 158 ಸೆಂ.ಮೀ., ಅಂದ್ರೆ ಬಿಎಂಐ, ಎತ್ತರಕ್ಕೆ ತಕ್ಕ ತೂಕ ಇದ್ಯಾ ಅಂತ ನೋಡೋ ಲೆಕ್ಕ, ಹೆಚ್ಚುಕಮ್ಮಿ 34. ನಮ್ಮ ಇಂಡಿಯಾದವ್ರಿಗೆ 23 ದಾಟಿದ್ರೇ ಓವರ್‌ವೇಟ್, 25 ದಾಟಿದ್ರೆ ಬೊಜ್ಜು ಅಂತ ಲೆಕ್ಕ, ಯಾಕಂದ್ರೆ ಕಮ್ಮಿ ತೂಕಕ್ಕೇ ನಮ್ಗೆ ಹೊಟ್ಟೆ ಒಳಗಡೆ ಕೊಬ್ಬು ಸೇರ್ಕೊಳ್ಳುತ್ತೆ. ಸೊಂಟಕ್ಕೆ ಟೇಪ್ ಸುತ್ತಿದ್ರು, 101 ಸೆಂ.ಮೀ. ಹೆಂಗಸ್ರಿಗೆ 80ರ ಒಳಗಿರ್ಬೇಕು, ಗಂಡಸ್ರಿಗೆ 90. ಬಿಪಿ 144/92. ಮೂರು ತಿಂಗಳ ಸರಾಸರಿ ಶುಗರ್ (HbA1c) 6.1, ಇದು ಡಯಾಬಿಟಿಸ್ ಅಲ್ಲ, ಅದರ ಹೊಸ್ತಿಲು. ಟ್ರೈಗ್ಲಿಸರೈಡ್, ಅಂದ್ರೆ ರಕ್ತದಲ್ಲಿರೋ ಒಂದು ಥರದ ಕೊಬ್ಬು, 236.

ಇಷ್ಟೇ ಆಗಿದ್ರೆ ಮನೆಗೆ ಬಂದು ನಾಲ್ಕು ದಿನ ಹೆದರ್ಕೊಂಡಿದ್ದು ಮತ್ತೆ ಹಳೇ ದಾರಿ ಹಿಡೀತಿದ್ನೇನೋ. ಅವ್ರು ಇನ್ನೊಂದು ಟೆಸ್ಟ್ ಬರ್ದುಕೊಟ್ರು. ಹಿಂದಿನ ದಿನವೇ ಹೇಳಿದ್ರು, ಬೆಳಿಗ್ಗೆ ಕಾಫಿ ಕುಡೀಬಾರ್ದು, ಏನೂ ತಿನ್ಬಾರ್ದು. ಹಾಸಿಗೆ ಮೇಲೆ ಹತ್ತು ನಿಮಿಷ ಸುಮ್ನೆ ಮಲಗಿಸಿ, ಎರಡೂ ತೋಳಿಗೆ ಎರಡೂ ಪಾದದ ಮೇಲ್ಗಡೆಗೆ ಬಿಪಿ ನೋಡೋ ಥರದ ಪಟ್ಟಿ ಕಟ್ಟಿ, ನಾಲ್ಕೂ ಪಟ್ಟಿ ಬಿಗಿಯಾಗಿ ಮತ್ತೆ ಸಡಿಲ ಆಗುತ್ತೆ, ಅಷ್ಟೇ. ಸೂಜಿ ಇಲ್ಲ, ನೋವಿಲ್ಲ. ಪಲ್ಸ್ ವೇವ್ ವೆಲಾಸಿಟಿ ಅಂತಾರೆ. ಹೃದಯ ಒಂದ್ಸಲ ಬಡಿದಾಗ ಒಂದು ಅಲೆ ಹೊರಡುತ್ತಂತೆ, ಆ ಅಲೆ ತೋಳಿಗೆ ಬರೋದಕ್ಕೂ ಕಾಲಿಗೆ ಮುಟ್ಟೋದಕ್ಕೂ ಇರೋ ಟೈಮ್ ನೋಡಿ ಅದರ ಸ್ಪೀಡ್ ಲೆಕ್ಕ ಹಾಕೋದು. ನಾಳ ಮೆತ್ತಗಿದ್ರೆ ಅಲೆ ನಿಧಾನ, ಗಡುಸಾಗಿದ್ರೆ ಜೋರು.

ನಂದು ಸೆಕೆಂಡಿಗೆ 1560 ಸೆಂಟಿಮೀಟರ್ ಬಂತು. 1400ರ ಒಳಗಿದ್ರೆ ಒಳ್ಳೇದು ಅಂದ್ರು ಡಾಕ್ಟ್ರು. ನಾನು "ಹಾಗಂದ್ರೆ ಬ್ಲಾಕ್ ಇದ್ಯಾ ಸಾರ್?" ಅಂದೆ. "ಇಲ್ಲಮ್ಮ, ಇದು ಬ್ಲಾಕ್ ತೋರ್ಸೋ ಟೆಸ್ಟ್ ಅಲ್ಲ. ನಿಮ್ಮನೇಲಿ ಗಿಡಕ್ಕೆ ನೀರು ಹಾಕೋ ಪೈಪ್ ಇದ್ಯಲ್ಲ, ಹೊಸದ್ರಲ್ಲಿ ನಲ್ಲಿ ತಿರುಗಿಸಿದ್ರೆ ಸ್ವಲ್ಪ ಉಬ್ಬಿ ತಗ್ಗುತ್ತೆ. ನಾಲ್ಕು ವರ್ಷ ಬಿಸ್ಲಲ್ಲಿ ಬಿದ್ದಿದ್ದು ಕಡ್ಡಿ ಥರ ಆಗುತ್ತೆ, ಉಬ್ಬೋದೇ ಇಲ್ಲ. ನಿನ್ನ ನಾಳ ವಯಸ್ಸಿಗೆ ಮುಂಚೆ ಹಾಗಾಗ್ತಾ ಇದೆ. ಆದ್ರೆ ಪೈಪಿಗೆ ಜೀವ ಇಲ್ಲ, ನಾಳಕ್ಕೆ ಜೀವ ಇದೆ, ಅದಕ್ಕೇ ಇದು ವಾಪಸ್ ಬರುತ್ತೆ" ಅಂದ್ರು. ಆ ಕೊನೇ ಮಾತು ನಂಗೆ ಹಿಡ್ಕೊಳ್ಳೋಕೆ ಸಿಕ್ಕಿದ್ದು.

ಕುತ್ತಿಗೆಯ ಎರಡೂ ಕಡೆ ಸ್ಕ್ಯಾನ್ ಕೂಡ ಮಾಡಿಸಿದ್ರು, ಮಿದುಳಿಗೆ ರಕ್ತ ಹೋಗೋ ಕೆರೋಟಿಡ್ ನಾಳದ ಗೋಡೆ ದಪ್ಪ 0.8 ಮಿ.ಮೀ., ಗಂಟು ಏನೂ ಇರ್ಲಿಲ್ಲ. ಈ ಟೆಸ್ಟ್‌ಗಳು ಎಲ್ರಿಗೂ ಬೇಕಾಗಿಲ್ಲ, ಅಣ್ಣನ ಕೇಸ್ ಇರೋದ್ರಿಂದ ಮಾಡಿಸ್ತಿದೀನಿ, ಬೇರೆಯವ್ರಿಗೆ ಬಿಪಿ ಮೆಷಿನ್ನು ಟೇಪು ಸಾಕು ಅಂತ ಅವ್ರೇ ಹೇಳಿದ್ರು. ಮಾತ್ರೆ ಬರೀಲಿಲ್ಲ. ಮೂರು ತಿಂಗಳು ಟೈಮ್ ಕೊಡ್ತೀನಿ, ಬಿಪಿ ಮನೇಲಿ ನೋಡಿ ಬರ್ದಿಡು, ಇಳೀದಿದ್ರೆ ಮಾತ್ರೆ ಶುರು ಮಾಡೋಣ, ಆಗ ಬೇಡ ಅನ್ಬಾರ್ದು ಅಂದ್ರು. ಒಂದ್ ಮಾತು ಇಲ್ಲೇ ಹೇಳ್ಬಿಡ್ತೀನಿ, ಇದು ನನ್ನ ಬಿಪಿಗೆ ನನ್ನ ಡಾಕ್ಟ್ರು ತಗೊಂಡ ತೀರ್ಮಾನ. ಈಗಾಗ್ಲೇ ಮಾತ್ರೆ ತಗೋತಿರೋರು ಇದನ್ನ ಓದಿ ದಯವಿಟ್ಟು ನಿಲ್ಲಿಸ್ಬೇಡಿ. ನಮ್ಮಣ್ಣನೂ ಒಂದು ವರ್ಷ ಬಿಪಿ ಮಾತ್ರೆ ನುಂಗಿ "ಈಗ ನಾರ್ಮಲ್ ಇದೆ" ಅಂತ ಬಿಟ್ಟಿದ್ದೋನು.

ಮನೆಗೆ ಬಂದ್ಮೇಲೆ ಮಗಳು ಅವಳ ಬಯಾಲಜಿ ಜೋಶಲ್ಲಿ ಇನ್ನೂ ಸ್ವಲ್ಪ ಬಿಡಿಸಿ ಹೇಳಿದ್ಲು. ರಕ್ತನಾಳದ ಒಳಗೋಡೆಗೆ ಒಂದೇ ಒಂದು ಜೀವಕೋಶದಷ್ಟು ತೆಳ್ಳಗಿನ ಪದರ ಇರುತ್ತಂತೆ, ಎಂಡೋಥೀಲಿಯಮ್. ಅದು ನೈಟ್ರಿಕ್ ಆಕ್ಸೈಡ್ ಅನ್ನೋ ಗ್ಯಾಸ್ ಬಿಡುತ್ತೆ, ಅದ್ರಿಂದ ನಾಳ ಸಡಿಲವಾಗಿ ಅಗಲ ಆಗುತ್ತೆ. "ಇದನ್ನ ಕಂಡುಹಿಡಿದಿದ್ದಕ್ಕೆ 1998ರಲ್ಲಿ ಮೂರು ಜನಕ್ಕೆ ನೊಬೆಲ್ ಬಂದಿದೆ ಅಮ್ಮಾ" ಅಂದ್ಲು. ಹೊಟ್ಟೆ ಒಳಗಡೆ ಲಿವರ್ ಕರುಳಿನ ಸುತ್ತ ಕೂರೋ ಕೊಬ್ಬು ಸುಮ್ನೆ ಕೂರಲ್ಲ, ಉರಿಯೂತ ಮಾಡೋ ರಾಸಾಯನಿಕಗಳನ್ನ ರಕ್ತಕ್ಕೆ ಬಿಡ್ತಾನೇ ಇರುತ್ತೆ, ಆಗ ಈ ಪದರ ಸೊರಗಿ ಗ್ಯಾಸ್ ಕಮ್ಮಿ ಆಗುತ್ತೆ, ನಾಳ ಬಿಗೀತಾ ಹೋಗುತ್ತೆ. ನಡೆದಾಗ ರಕ್ತ ಜೋರಾಗಿ ಹರಿದು ಆ ಪದರವನ್ನ ಉಜ್ಜುತ್ತಲ್ಲ, ಆ ಉಜ್ಜಾಟಕ್ಕೇ ಅದು ಮತ್ತೆ ನೈಟ್ರಿಕ್ ಆಕ್ಸೈಡ್ ಮಾಡೋಕೆ ಶುರು ಮಾಡುತ್ತೆ. ತೂಕ ಇಳೀಲಿ ಬಿಡ್ಲಿ, ಉಜ್ಜಾಟ ನಡೀತಾ ಇರುತ್ತೆ. ಅವತ್ತು ನಾನು ಈ ಕೊನೇ ಸಾಲಿಗೆ ಅಷ್ಟು ಬೆಲೆ ಕೊಡ್ಲಿಲ್ಲ.

ಶುರು ಮಾಡಿದ್ದು ನಡಿಗೆಯಿಂದ. ಮೊದಲ್ನೇ ವಾರ ಇಪ್ಪತ್ತು ನಿಮಿಷಕ್ಕೇ ಮಂಡಿ ನೋವು. ಮೂರನೇ ವಾರಕ್ಕೆ ನಲವತ್ತು ನಿಮಿಷ ಆಯ್ತು. ವಾರಕ್ಕೆ 150 ನಿಮಿಷ ಕನಿಷ್ಠ ಅಂತ ಹೇಳಿದ್ರು, ಮಾತಾಡೋಕಾಗ್ಬೇಕು ಹಾಡೋಕಾಗ್ಬಾರ್ದು ಅಷ್ಟು ಸ್ಪೀಡು. ತಿಂಗಳಾದ್ಮೇಲೆ ವಾರಕ್ಕೆ ಎರಡು ದಿನ ನಮ್ಮ ರಾಮಾಂಜನೇಯ ಗುಡ್ಡದ ಮೆಟ್ಟಿಲು ಸೇರಿಸಿದೆ, ಹತ್ತೋವಾಗ ಬೇಗ ಇಳಿಯೋವಾಗ ನಿಧಾನ. ಆಫೀಸಲ್ಲಿ ಗಂಟೆಗೊಂದ್ಸಲ ಎದ್ದು ಮಹಡಿ ಇಳಿದು ಹತ್ತಿ ಬರೋದು, ಕುರ್ಚಿಯಿಂದ ಕೈ ಊರದೆ ಹದಿನೈದು ಸಲ ಎದ್ದು ಕೂರೋದು. ಅಕ್ಕಪಕ್ಕದವ್ರು ಮೊದ್ಲು ನೋಡಿದ್ರು, ಆಮೇಲೆ ಇಬ್ರು ಜೊತೆಗೇ ಸೇರ್ಕೊಂಡ್ರು. ಆ ಬೇಸಿಗೇಲಿ ಬೆಂಗಳೂರಿಗೆ ನೀರಿನ ಪರದಾಟ ಬೇರೆ, ಟ್ಯಾಂಕರ್ ಬೆಳಿಗ್ಗೆ ಆರಕ್ಕೆ ಬರುತ್ತೆ ಅಂದ್ರೆ ಅವತ್ತು ವಾಕಿಂಗ್ ಇಲ್ಲ, ಟೆರೇಸ್ ಮೇಲೇ ತಿರುಗ್ತಿದ್ದೆ.

ಅಡುಗೆಮನೇಲಿ ನಾನು ಮೊದ್ಲು ಮಾಡಿದ್ದು ಲೆಕ್ಕ, ಅಕೌಂಟ್ಸ್ ಕೆಲಸದವಳಲ್ವಾ. ಒಂದು ಕೆಜಿ ಉಪ್ಪು ನಮ್ಮನೇಲಿ 25 ದಿನ ಬರ್ತಿತ್ತು. ನಾಲ್ಕು ಜನ. ಅಂದ್ರೆ ಒಬ್ಬೊಬ್ರಿಗೆ ದಿನಕ್ಕೆ ಹತ್ತು ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಐದು ಗ್ರಾಮಿಗಿಂತ ಕಮ್ಮಿ, ಒಂದು ಟೀ ಚಮಚದಷ್ಟು. ಅದೂ ಹೊರಗಡೆ ತಿಂದಿದ್ದು, ಅಂಗಡಿಯಿಂದ ತಂದ ಖಾರ ಮಿಕ್ಸ್ಚರ್ರು ಚಿಪ್ಸು ಈ ಲೆಕ್ಕಕ್ಕೆ ಸೇರಿಲ್ಲ. ಉಪ್ಪು ಜಾಸ್ತಿ ಆದ್ರೆ ಬಿಪಿ ಏರೋದು ಒಂದು, ನಾಳದ ಗೋಡೇನೂ ಗಡುಸಾಗುತ್ತಂತೆ. ಎಣ್ಣೆ ತಿಂಗಳಿಗೆ ಐದು ಲೀಟರ್ ಹೋಗ್ತಿತ್ತು, ಒಬ್ಬರಿಗೆ ಅರ್ಧ ಲೀಟರ್ ಸಾಕು ಅಂದ್ರು, ಹಾಗಾಗಿ ಎರಡು ಲೀಟರ್‌ಗೆ ಇಳಿಸ್ಬೇಕು. ಅತ್ತೆ ಜೊತೆ ಕೂತು ಮಾತಾಡ್ದೆ. ಅವ್ರು ಒಂದು ಮಾತೂ ಎದುರಾಡ್ಲಿಲ್ಲ, "ನಿಮ್ಮಣ್ಣನ್ನ ನೋಡ್ಬಂದಾಗಿಂದ ನಂಗೂ ನಿದ್ದೆ ಇಲ್ಲ ಕಣಮ್ಮ" ಅಂದು ಉಪ್ಪಿನಕಾಯಿ ಜಾಡಿ ತಾವೇ ಎತ್ತಿ ಮೇಲಿನ ಅಟ್ಟಕ್ಕೆ ಇಟ್ರು. ಉಪ್ಪು ದಿಢೀರ್ ಅಂತ ಕಮ್ಮಿ ಮಾಡಿದ್ರೆ ಯಾರೂ ಉಣ್ಣಲ್ಲ, ವಾರವಾರ ಸ್ವಲ್ಪ ಸ್ವಲ್ಪ, ಜಾಗಕ್ಕೆ ನಿಂಬೆಹಣ್ಣು, ಹುಣಸೆ, ಮೆಣಸು. ಈಗ ಕೆಜಿ ಉಪ್ಪು 45 ದಿನ ಬರುತ್ತೆ. ಎಣ್ಣೆ ಎರಡೂವರೆ ಲೀಟರ್, ಇನ್ನೂ ಎರಡಕ್ಕೆ ಬಂದಿಲ್ಲ.

ಮುದ್ದೆ ತಿಂದ್ರೆ ಸಣ್ಣ ಆಗ್ತೀವಿ ಅಂತ ನಾನೂ ನಂಬಿದ್ದೆ, ರಾತ್ರಿ ಎರಡು ಮುದ್ದೆ ಇಳಿಸ್ತಿದ್ದೆ. ಡಯಟೀಷಿಯನ್ ಒಂದೇ ಸಾಕು ಅದೂ ಚಿಕ್ಕದು, ಆದ್ರೆ ಬಸ್ಸಾರಿನ ಪಲ್ಯ ಬಟ್ಟಲು ತುಂಬ ತಿನ್ನಿ ಅಂದ್ರು. ಮಧ್ಯಾಹ್ನ ಅನ್ನ ಒಂದು ಬಟ್ಟಲು, ಕಾಳಿನ ಹುಳಿ ಎರಡು ಬಟ್ಟಲು. ನನ್ನ ಟ್ರೈಗ್ಲಿಸರೈಡ್ ಏರಿದ್ದಕ್ಕೆ ಎಣ್ಣೆಗಿಂತ ಅನ್ನ, ಮೈದಾ, ಸಕ್ಕರೆಯ ಪಾಲೇ ಜಾಸ್ತಿ ಅಂತ ಅವ್ರು ಹೇಳಿದಾಗ ಆಶ್ಚರ್ಯ ಆಯ್ತು. ದಿನಕ್ಕೆ ನಾಲ್ಕು ಕಾಫಿ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ, ಸಂಜೆ ಪಫ್ಸೋ ಖಾರಾ ಬನ್ನೋ. ಸೊಪ್ಪಿನ ವಿಷ್ಯ ನಂಗೆ ತುಂಬ ಖುಷಿ ಕೊಟ್ಟಿದ್ದು. ಪಾಲಕ್, ದಂಟು, ಬೀಟ್‌ರೂಟ್ ಇವುಗಳಲ್ಲಿ ನೈಟ್ರೇಟ್ ಇರುತ್ತಂತೆ, ನಾಲಿಗೆ ಮೇಲಿರೋ ಬ್ಯಾಕ್ಟೀರಿಯಾ ಅದನ್ನ ಬದಲಾಯಿಸಿ ಕೊನೆಗೆ ಅದೇ ನೈಟ್ರಿಕ್ ಆಕ್ಸೈಡ್ ಆಗುತ್ತೆ. ಗಾಂಧಿ ಬಜಾರಲ್ಲಿ ಸೊಪ್ಪಿನ ಕಟ್ಟು ಚೀಲಕ್ಕೆ ಹಾಕ್ಕೊಳ್ಳೋವಾಗೆಲ್ಲಾ ಈಗ ಅದೇ ನೆನಪಾಗುತ್ತೆ.

ಮನೇಲಿ ಬಿಪಿ ನೋಡೋದ್ರಲ್ಲಿ ಒಂದು ಎಡವಟ್ಟಾಯ್ತು, ದಪ್ಪ ತೋಳಿನವ್ರು ಇದನ್ನ ತಿಳ್ಕೊಳ್ಳಿ. ಮೆಷಿನ್ ಜೊತೆ ಬಂದ ಪಟ್ಟಿ ನನ್ನ ತೋಳಿಗೆ ಚಿಕ್ಕದಾಗಿತ್ತು, ಎಳ್ದು ಎಳ್ದು ಕಟ್ಕೊಂಡು ನೋಡಿದ್ರೆ 158/98. ಎರಡು ದಿನ ನಿದ್ದೆ ಇಲ್ಲ. ಡಾಕ್ಟ್ರ ಹತ್ರ ಮೆಷಿನ್ ತಗೊಂಡೇ ಹೋದೆ, ಪಟ್ಟಿ ಚಿಕ್ಕದಿದ್ರೆ ಬಿಪಿ ಸುಳ್ಳಾಗಿ ಜಾಸ್ತಿ ತೋರ್ಸುತ್ತೆ ಅಂದ್ರು. ದೊಡ್ಡ ಸೈಜ್ ಪಟ್ಟಿ ಬೇರೆ ತಗೊಂಡೆ, 143 ಬಂತು. ಐದು ನಿಮಿಷ ಸುಮ್ನೆ ಕೂತು, ಬೆನ್ನಿಗೆ ಆನಿಕೆ ಕೊಟ್ಟು, ಪಾದ ನೆಲಕ್ಕೆ ಊರಿ, ಕೈ ಎದೆ ಮಟ್ಟಕ್ಕೆ ಟೇಬಲ್ ಮೇಲಿಟ್ಟು, ಮಾತಾಡ್ದೆ ಎರಡು ಸಲ ನೋಡ್ಬೇಕು. ಮನೇಲಿ 135/85ರ ಒಳಗೆ ಬರ್ಬೇಕು ಅಂತ ಗುರಿ. ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಆಯಾ ದಿನದ ಚೌಕದಲ್ಲೇ ಬರೀತಾ ಹೋದೆ.

ಮೊದಲ ಐದಾರು ವಾರ ಎರಡು ಕೆಜಿ ಇಳೀತು, ಆಮೇಲೆ ಆ 82. ಅದ್ರ ಮಧ್ಯೆ ಯುಗಾದಿ ಬಂತು, ನಾದಿನಿ ಮಗಳ ಮದುವೆ ಬಂತು, ಒಂದು ವಾರ ಪೂರ್ತಿ ಬಿಟ್ಬಿಟ್ಟೆ, ಒಬ್ಬಟ್ಟು ತುಪ್ಪ ಎಲ್ಲಾ. ಇದು ಯಾರ ತಪ್ಪೂ ಅಲ್ಲ, ನಂಗೆ ಸೋತ ಹಾಗಾಗಿತ್ತು. ಅದಕ್ಕೆ ಒಂದು ಹಳೇ ಕಾರಣಾನೂ ಇದೆ. 2022ರಲ್ಲಿ ಒಂದು ಕಡೆ 18 ಸಾವಿರ ಕೊಟ್ಟು ಪೌಡರ್ ಪ್ಯಾಕೇಜ್ ತಗೊಂಡಿದ್ದೆ, ಎರಡು ಹೊತ್ತು ಊಟದ ಬದ್ಲು ಅದನ್ನೇ ಕುಡಿಯೋದು. ಎರಡು ತಿಂಗಳಲ್ಲಿ ಏಳು ಕೆಜಿ ಇಳಿದಿತ್ತು, ಕೂದ್ಲು ಕೈಗೆ ಬರ್ತಿತ್ತು, ನಿಲ್ಲಿಸಿದ ಆರು ತಿಂಗಳಿಗೆ ಒಂಬತ್ತು ಕೆಜಿ ವಾಪಸ್ ಬಂತು. ಅಲ್ಲಿ ಒಬ್ರೂ ನನ್ನ ಬಿಪಿ ನೋಡ್ಲಿಲ್ಲ, ಸೊಂಟ ಅಳೀಲಿಲ್ಲ, ಬರೀ ತೂಕ. ಹಾಗಾಗಿ ತೂಕ ಅಂದ್ರೇ ಎಲ್ಲಾ ಅಂತ ನನ್ನ ತಲೇಲಿ ಕೂತಿತ್ತು, ಅದು ನಿಂತ್ರೆ ನಾನೂ ನಿಂತ ಹಾಗೆ.

ಆ ವಾರ ಮಗಳೇ ಕ್ಯಾಲೆಂಡರ್ ತೆಗೆದು ನನ್ನ ಮುಂದೆ ಇಟ್ಲು. "ಅಮ್ಮಾ, ಮಾರ್ಚ್ ನೋಡು, ಏಪ್ರಿಲ್ ನೋಡು." ಮಾರ್ಚ್ ಶುರುವಲ್ಲಿ 142, 140, 141. ಏಪ್ರಿಲ್ ಶುರುವಲ್ಲಿ 136, 134, 135. ನಾನೇ ದಿನಾ ಕೈಯಾರೆ ಬರ್ದಿದ್ದೆ, ಆದ್ರೆ ಕೂಡಿಸಿ ನೋಡಿರ್ಲಿಲ್ಲ. ಟೇಪ್ ತಂದು ಸೊಂಟ ಅಳೆದ್ಲು, 97. ತೂಕ ಅಲ್ಲಾಡ್ದೆ ಇದ್ರೂ ಸೊಂಟ ನಾಲ್ಕು ಸೆಂಟಿಮೀಟರ್ ಇಳಿದಿತ್ತು. ಮಾರನೇ ದಿನ ಮತ್ತೆ ಶೂ ಹಾಕ್ಕೊಂಡೆ.

ಮೇ ತಿಂಗಳ ಮೊದಲ ವಾರ ಟೆಸ್ಟ್. ಅವತ್ತು ಪಟ್ಟಿ ಬಿಗಿಯೋವಾಗ ಎದೆ ಹೊಡ್ಕೊಳ್ತಿತ್ತು, ಅದಕ್ಕೇ ರೀಡಿಂಗ್ ತಪ್ಪಾಗುತ್ತೇನೋ ಅಂತ ಇನ್ನೂ ಭಯ. ಟೆಕ್ನಿಷಿಯನ್ ಹುಡುಗಿ "ಆಂಟಿ, ಅರ್ಜೆಂಟಿಲ್ಲ, ಇನ್ನೈದು ನಿಮಿಷ ಮಲಗಿ" ಅಂತ ಕಾದ್ಲು. 1440 ಬಂತು. ಬಿಪಿ 132/84. ಶುಗರ್ 5.8, ಟ್ರೈಗ್ಲಿಸರೈಡ್ 162. ತೂಕ 81.6, ಅಂದ್ರೆ ಮೂರು ತಿಂಗಳಿಗೆ ಇಳಿದಿದ್ದು ಬರೀ ಎರಡೂವರೆ ಕೆಜಿ. ಡಾಕ್ಟ್ರು ರಿಪೋರ್ಟ್ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ್ರು. ಒಳಪದರ ಚೇತರಿಸ್ಕೊಳ್ಳೋಕೆ ವಾರಗಳು ಸಾಕು, ಅದಕ್ಕೇ ಮೊದ್ಲು ಬಿಪಿ ಇಳೀತು. ನಾಳದ ಗೋಡೆ ಮೆತ್ತಗಾಗೋಕೆ ತಿಂಗಳುಗಟ್ಟಲೆ ಬೇಕು. ಗೋಡೆಯ ದಪ್ಪ ವರ್ಷಗಟ್ಟಲೆ ಆಗಿದ್ದು, ಅದು ಬೇಗ ಕರಗಲ್ಲ, ಹೆಚ್ಚಾಗದೇ ಇದ್ರೆ ಅದೇ ದೊಡ್ಡದು. ಬಿಪಿ ಇಳಿದ್ರೆ ಈ ಸ್ಪೀಡೂ ಅದ್ರ ಜೊತೆ ಸ್ವಲ್ಪ ಇಳಿಯುತ್ತೆ, ಎಲ್ಲಾ ಗೋಡೇನೇ ಮೆತ್ತಗಾಗಿದ್ದು ಅಂತ ತಿಳ್ಕೋಬೇಡ ಅಂತಾನೂ ಹೇಳಿದ್ರು. ಅವ್ರು ಹೀಗೆ ಇದ್ದಿದ್ದನ್ನ ಇದ್ದ ಹಾಗೆ ಹೇಳೋದಕ್ಕೇ ನಂಗೆ ಅವ್ರ ಮೇಲೆ ನಂಬಿಕೆ. ಹಾಗಂತ ತೂಕ ಬೇಡ್ವೇ ಬೇಡ ಅಂತಲ್ಲ, ಇರೋ ತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ಇಳಿಸಿ ಹಾಗೇ ಉಳಿಸ್ಕೊಂಡ್ರೆ ನಾಳಕ್ಕೆ ಇನ್ನೂ ಲಾಭ, ಆದ್ರೆ ನಿಧಾನಕ್ಕೆ ಬರ್ಲಿ ಅಂದ್ರು.

ನಿಧಾನಕ್ಕೇ ಬಂತು. ರಾತ್ರಿ ಹನ್ನೆರಡೂವರೆ ತನಕ ಮೊಬೈಲ್ ನೋಡ್ತಿದ್ದಿದ್ದನ್ನ ಬಿಟ್ಟು ಹತ್ತೂವರೆಗೆ ಮಲಗೋಕೆ ಶುರು ಮಾಡಿದ್ಮೇಲೆ ಸಂಜೆ ಹೊತ್ತಿನ ಆ ತಿನ್ನೋ ಚಪಲ ಎಷ್ಟೋ ಕಮ್ಮಿ ಆಯ್ತು. ನವೆಂಬರ್‌ನಲ್ಲಿ ಕಡಲೆಕಾಯಿ ಪರಿಷೆ ಹೊತ್ತಿಗೆ 78. ಬುಲ್ ಟೆಂಪಲ್ ರೋಡಲ್ಲಿ ಆ ಜನಜಂಗುಳಿ ಮಧ್ಯೆ ಮಗಳ ಜೊತೆ ಒಂದು ಪೊಟ್ಟಣ ಬಿಸಿ ಕಡಲೆಕಾಯಿ ಬಿಡಿಸ್ಕೊಂಡು ತಿಂದೆ, ಅದನ್ನ ಡಯಟೀಷಿಯನ್ನೇ ಒಪ್ಪಿದ್ರು, ಬಜ್ಜಿ ಮಾತ್ರ ಬೇಡ ಅಂದಿದ್ರು.

2025ರ ಫೆಬ್ರವರಿಗೆ ವರ್ಷ ತುಂಬ್ತು. 75.8 ಕೆಜಿ, ಸೊಂಟ 90, ಬಿಪಿ 126/80, ಶುಗರ್ 5.6, ಅಲೆಯ ಸ್ಪೀಡ್ 1370. ಕುತ್ತಿಗೆ ಸ್ಕ್ಯಾನ್‌ನಲ್ಲಿ ಅದೇ 0.8. ಸೊಂಟ ಇನ್ನೂ 80ಕ್ಕೆ ಬಂದಿಲ್ಲ, ಬಿಎಂಐ ಪ್ರಕಾರ ನಾನು ಈಗ್ಲೂ ಬೊಜ್ಜಿನ ಲೆಕ್ಕದಲ್ಲೇ ಇದೀನಿ. ಆದ್ರೆ ಗುಡ್ಡದ ಮೆಟ್ಟಿಲು ಒಂದೇ ಉಸಿರಲ್ಲಿ ಹತ್ತಿ ಮೇಲೆ ನಿಂತ್ಕೋತೀನಿ.

ಅಣ್ಣ ಭಾನುವಾರ ಭಾನುವಾರ ಜೆ.ಪಿ. ನಗರದಿಂದ ಬರ್ತಾನೆ, ಬ್ಯೂಗಲ್ ರಾಕಲ್ಲಿ ಇಬ್ರೂ ನಡೀತೀವಿ. ಎರಡು ಸುತ್ತು ಆದ್ಮೇಲೆ ಅವನು ಬೆಂಚಲ್ಲಿ ಕೂತು "ಇವತ್ತೆಷ್ಟು ಬಂತೇ?" ಅಂತಾನೆ, ಬಿಪಿ ಕೇಳೋದು, ತೂಕ ಅಲ್ಲ. ಅವನ ಮಾತ್ರೆ ಈಗ ಒಂದು ದಿನವೂ ತಪ್ಪಲ್ಲ, ಅತ್ತಿಗೆ ಬಿಡಲ್ಲ.

ಕ್ಯಾಲೆಂಡರ್‌ನಲ್ಲಿ ಈಗ ಎರಡು ಬಣ್ಣದ ಇಂಕು. ನೀಲಿ ನಂದು. ಹೋದ ವಾರ ನಮ್ಮನೆಯವ್ರಿಗೂ ಬಲವಂತ ಮಾಡಿ ಕೂರಿಸಿ ಪಟ್ಟಿ ಕಟ್ಟಿದೆ, ಇಷ್ಟು ದಿನ ನಂಗೇನೂ ಇಲ್ಲ ಅಂತಿದ್ರು. ಕೆಂಪು ಇಂಕಲ್ಲಿ ಮೊದಲ್ನೇದು 150/96, ಮಾರನೇ ದಿನ 148/94. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಅದೇ ಡಾಕ್ಟ್ರ ಹತ್ರ ಅಪಾಯಿಂಟ್‌ಮೆಂಟ್ ತಗೊಂಡಿದೀನಿ.